ಮುಪ್ಪಿನಲ್ಲಿ ಕಂಬಗಳು ಸೊರಗದಿರಲಿ: ನಿದ್ರೆ, ತೂಕ ಮತ್ತು ಮಾಂಸಧಾತು

ಕಳೆದ ಮಳೆಗಾಲದ ಆರಂಭದಲ್ಲಿ ಅಂಕೋಲೆಯ ಸಮೀಪದ ಹಳ್ಳಿಯೊಂದರಿಂದ ನಿವೃತ್ತ ಮಾಸ್ತರರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ವಯಸ್ಸು 72. ಅವರು ಹೇಳಿಕೊಂಡ ತೊಂದರೆ ಒಂದೇ: ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಹತ್ತುವುದಿಲ್ಲ. ತೂಕ ನೋಡಿದೆವು. ಹಿಂದಿನ ವರ್ಷ 68 ಕಿಲೋ ಇದ್ದವರು 62ಕ್ಕೆ ಇಳಿದಿದ್ದರು. "ಅದು ಒಳ್ಳೇದೇ ಆಯ್ತಲ್ಲ ಡಾಕ್ಟರೇ, ಹೊಟ್ಟೆ ಕರಗಿತು. ರಾತ್ರಿ ಊಟ ಬಿಟ್ಟಿದ್ದೇನೆ, ಒಂದು ಲೋಟ ಗಂಜಿ ತಿಳಿ ಅಷ್ಟೇ" ಎಂದು ಸಂತೋಷದಿಂದಲೇ ಹೇಳಿದರು. ಮಾತು ಮುಗಿಸಿ ಏಳುವಾಗ ಎರಡೂ ಕೈಗಳನ್ನು ಬೆಂಚಿನ ಮೇಲೆ ಊರಿ, ಒಮ್ಮೆ ಮುಂದಕ್ಕೆ ತೂಗಿ, ಎರಡನೆಯ ಪ್ರಯತ್ನದಲ್ಲಿ ಎದ್ದು ನಿಂತರು. ನಾವು ಅವರನ್ನು ಮತ್ತೆ ಕೂಡಿಸಿದೆವು. ಅವರ ಕಾಯಿಲೆ ಇದ್ದದ್ದು ಅವರು ಹೇಳಿದ ಮಾತಿನಲ್ಲಿ ಮಾತ್ರವಲ್ಲ, ಅವರು ಎದ್ದ ರೀತಿಯಲ್ಲಿಯೂ ಇತ್ತು.

ಈ ಲೇಖನವು ಅಂಥ ಹಿರಿಯರಿಗಾಗಿ, ಮತ್ತು ಅವರ ಮನೆಯ ಮಕ್ಕಳು ಸೊಸೆಯಂದಿರಿಗಾಗಿ. ನಿದ್ರೆ, ದೇಹದ ತೂಕ, ಮಾಂಸಖಂಡಗಳ ಬಲ ಎಂಬ ಮೂರನ್ನು ನಾವು ಸಾಮಾನ್ಯವಾಗಿ ಮೂರು ಬೇರೆ ಸಂಗತಿಗಳೆಂದು ಎಣಿಸುತ್ತೇವೆ. ನಿದ್ರೆಗೆ ಒಂದು ಗುಳಿಗೆ, ತೂಕಕ್ಕೆ ಒಂದು ಪಥ್ಯ, ಕಾಲಿನ ಸೋಲಿಗೆ ಒಂದು ಎಣ್ಣೆ. ಮುಪ್ಪಿನಲ್ಲಿ ಇವು ಬೇರೆಯಲ್ಲ. ಒಂದು ಸಡಿಲವಾದರೆ ಉಳಿದೆರಡೂ ಅಲುಗುತ್ತವೆ.

ಚರಕರ ಇಪ್ಪತ್ತೊಂದನೆಯ ಅಧ್ಯಾಯ

ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಮೂರು ಶರೀರದ ಉಪಸ್ತಂಭಗಳು, ಎಂದರೆ ಆಸರೆಯ ಕಂಬಗಳು, ಎಂಬುದು ಆಯುರ್ವೇದದ ಪ್ರಸಿದ್ಧ ವಚನ. ಬಸವಣ್ಣನವರು ದೇಹವನ್ನೇ ದೇವಾಲಯವಾಗಿ ಕಂಡು ಕಾಲುಗಳನ್ನು ಅದರ ಕಂಬಗಳಾಗಿ ಎಣಿಸಿದ್ದನ್ನು ಈ ಪತ್ರಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. ವೈದ್ಯನ ಕಣ್ಣಿಗೆ ಈ ಎರಡು ಬಗೆಯ ಕಂಬಗಳೂ ಒಂದಕ್ಕೊಂದು ಕಟ್ಟಿಕೊಂಡೇ ಇವೆ. ಉಣ್ಣದ, ಮಲಗದ ದೇಹದಲ್ಲಿ ಕಾಲೆಂಬ ಕಂಬ ನಿಲ್ಲುವುದಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿ ಸ್ಥೂಲ ಮತ್ತು ಅತಿ ಕೃಶ ದೇಹಗಳ ವಿಚಾರಕ್ಕೆ ಮೀಸಲಾದುದು. ಆದರೆ ಆ ಅಧ್ಯಾಯದ ಉತ್ತರಾರ್ಧವಿಡೀ ನಿದ್ರೆಯ ಚರ್ಚೆ. ವಿದ್ಯಾರ್ಥಿದೆಸೆಯಲ್ಲಿ ಇದನ್ನು ಓದುವಾಗ ಕೊಬ್ಬಿನ ಅಧ್ಯಾಯದಲ್ಲಿ ನಿದ್ರೆ ಏಕೆ ಬಂತು ಎಂಬ ಪ್ರಶ್ನೆ ನಮಗೆ ಹುಟ್ಟಿರಲಿಲ್ಲ. ಪರೀಕ್ಷೆಗೆ ಬೇಕಾದಷ್ಟು ಕಂಠಪಾಠ ಮಾಡಿ ಮುಂದೆ ಹೋದೆವು. ರೋಗಿಗಳನ್ನು ನೋಡುತ್ತ ವರ್ಷಗಳು ಕಳೆದ ಮೇಲೆ ಆ ಜೋಡಣೆಯ ಅರ್ಥ ತಿಳಿಯಿತು. ಪುಷ್ಟಿಯೂ ಕೃಶತೆಯೂ, ಬಲವೂ ಬಲಹೀನತೆಯೂ ನಿದ್ರೆಯನ್ನು ಅವಲಂಬಿಸಿವೆ ಎಂದು ಆಚಾರ್ಯರು ಅಲ್ಲಿ ಸ್ಪಷ್ಟವಾಗಿಯೇ ಹೇಳುತ್ತಾರೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ಥೂಲತೆ ಮತ್ತು ಕೃಶತೆಗಳಲ್ಲಿ ಕೃಶತೆಯೇ ವಾಸಿ ಎಂದು ಚರಕರು ಹೇಳಿದ್ದಾರೆ. ಈ ಒಂದು ಮಾತನ್ನು ಹಿಡಿದುಕೊಂಡು ಮುಪ್ಪಿನಲ್ಲಿ ಸೊರಗುವುದೇ ಆರೋಗ್ಯವೆಂದು ತಿಳಿಯುವವರಿದ್ದಾರೆ. ಆದರೆ ಆಚಾರ್ಯರು ಆದರ್ಶವಾಗಿ ತೋರಿಸುವುದು ಕೃಶನನ್ನಲ್ಲ. ಯಾರ ಮಾಂಸವು ಸಮಪ್ರಮಾಣದಲ್ಲಿದೆಯೋ, ಯಾರ ದೇಹದ ಕಟ್ಟು ಸಮವಾಗಿದೆಯೋ, ಯಾರು ಹಸಿವು, ನೀರಡಿಕೆ, ಚಳಿ, ಬಿಸಿಲು, ಶ್ರಮಗಳನ್ನು ತಾಳಬಲ್ಲರೋ ಅವರೇ ಅಲ್ಲಿ ಆದರ್ಶ. ಅಳತೆಗೋಲು ತೂಕವಲ್ಲ, ಮಾಂಸಧಾತು.

ಮಾಂಸಕ್ಷಯ ಎಂದರೇನು?

ವಾಗ್ಭಟರು ಮಾಂಸಧಾತುವಿನ ಕ್ಷಯಕ್ಕೆ ಹೇಳುವ ಲಕ್ಷಣಗಳು ಸರಳವಾಗಿವೆ. ಕೆನ್ನೆಗಳು ಮತ್ತು ಪಿರ್ರೆಗಳು ಒಣಗುತ್ತವೆ, ಸಂಧಿಗಳು ನೋಯುತ್ತವೆ, ಇಂದ್ರಿಯಗಳು ಬಳಲುತ್ತವೆ. ಗಟ್ಟಿ ನೆಲದ ಮೇಲೆ ಕುಳಿತರೆ ಮೂಳೆ ಒತ್ತುತ್ತದೆ ಎಂದು ಹಿರಿಯರು ದಿಂಬು ಕೇಳತೊಡಗಿದರೆ ಅದು ಕೇವಲ ಸುಖಾಪೇಕ್ಷೆಯಲ್ಲ ಎಂದು ತಿಳಿಯಬೇಕು.

ಆಧುನಿಕ ವೈದ್ಯಶಾಸ್ತ್ರವು ವಯಸ್ಸಿನೊಂದಿಗೆ ಬರುವ ಈ ಸ್ಥಿತಿಗೆ ಪ್ರತ್ಯೇಕ ಹೆಸರಿಟ್ಟದ್ದು ತೀರ ಈಚೆಗೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವೈದ್ಯರು ಗ್ರೀಕ್ ಭಾಷೆಯ ಪದಗಳಿಂದ 'ಸಾರ್ಕೋಪೀನಿಯಾ' ಎಂಬ ಶಬ್ದವನ್ನು ಕಟ್ಟಿದರು. ಮಾಂಸದ ಕೊರತೆ ಎಂಬುದೇ ಅದರ ಅರ್ಥ. 2016ರಲ್ಲಿ ಅಮೆರಿಕದ ರೋಗಗಳ ಸಂಕೇತಪಟ್ಟಿಯಲ್ಲಿ ಅದಕ್ಕೆ ಸ್ವಂತ ಸ್ಥಾನ ದೊರೆಯಿತು. ಅಲ್ಲಿಯವರೆಗೆ ಎಲ್ಲ ಕಡೆಯೂ ವೈದ್ಯರು 'ವಯಸ್ಸಾಯಿತು, ಏನು ಮಾಡುವುದು' ಎಂದೇ ಹೇಳುತ್ತಿದ್ದರು. ನಾವೂ ಹೇಳಿದ್ದೇವೆ.

ಈ ಕ್ಷಯವು ಕೃಶರಲ್ಲಿ ಮಾತ್ರ ಬರುವುದೆಂದು ಭಾವಿಸಬಾರದು. ದಪ್ಪ ದೇಹದ ಒಳಗೆ ಮಾಂಸ ಕರಗಿ ಅದರ ಜಾಗದಲ್ಲಿ ಮೇದಸ್ಸು ತುಂಬಬಹುದು. ಆಗ ತಕ್ಕಡಿಯು ಹತ್ತು ವರ್ಷಗಳಿಂದ ಒಂದೇ ಅಂಕಿಯನ್ನು ತೋರಿಸುತ್ತಿರುತ್ತದೆ, ಮನೆಯವರೂ ನಿಶ್ಚಿಂತರಾಗಿರುತ್ತಾರೆ. ಮೆಟ್ಟಿಲು ಏರುವಾಗ ಮಾತ್ರ ಸತ್ಯ ಹೊರಬೀಳುತ್ತದೆ.

ರಾತ್ರಿಯ ಕೆಲಸ

ಹಗಲೆಲ್ಲ ದುಡಿದು ಸವೆದ ಮಾಂಸಖಂಡವನ್ನು ದೇಹವು ರಿಪೇರಿ ಮಾಡಿಕೊಳ್ಳುವುದು ಬಹುಪಾಲು ರಾತ್ರಿಯಲ್ಲಿ. ಗಾಢನಿದ್ರೆಯ ಹೊತ್ತಿನಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚು ಸ್ರವಿಸುತ್ತದೆ. ವಯಸ್ಸಾದಂತೆ ಗಾಢನಿದ್ರೆಯ ಅವಧಿ ತಾನಾಗಿಯೇ ಕಡಿಮೆಯಾಗುತ್ತದೆ. ಅದರ ಮೇಲೆ ಚಿಂತೆ, ನೋವು, ಪದೇ ಪದೇ ಮೂತ್ರಕ್ಕೆ ಏಳುವುದು ಸೇರಿದರೆ ಉಳಿದಿರುವ ನಿದ್ರೆಯೂ ಚೂರುಚೂರಾಗುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆರೋಗ್ಯವಂತ ತರುಣ ತರುಣಿಯರು ಒಂದೇ ಒಂದು ರಾತ್ರಿ ಪೂರ್ತಿ ನಿದ್ರೆಗೆಟ್ಟಾಗ ಅವರ ಮಾಂಸಖಂಡಗಳಲ್ಲಿ ಪ್ರೋಟೀನ್ ಕಟ್ಟುವ ಕೆಲಸವು 18 ಪ್ರತಿಶತ ಕುಗ್ಗಿತ್ತು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿತ್ತು.

ತೂಕ ಇಳಿಸಬೇಕೆನ್ನುವವರು ಗಮನಿಸಬೇಕಾದ ಇನ್ನೊಂದು ಪ್ರಯೋಗ ಶಿಕಾಗೋ ವಿಶ್ವವಿದ್ಯಾಲಯದ್ದು. ಅದು ಪ್ರಕಟವಾದದ್ದು 2010ರಲ್ಲಿ. ದೇಹ ಭಾರವಿದ್ದ 10 ಜನರಿಗೆ ಮಿತವಾದ ಒಂದೇ ಬಗೆಯ ಆಹಾರಕ್ರಮವನ್ನು ಎರಡು ಸಲ, ಪ್ರತಿ ಸಲ 14 ದಿನ ಕೊಟ್ಟರು. ಒಂದು ಸಲ ಎಂಟೂವರೆ ತಾಸು ಹಾಸಿಗೆಯಲ್ಲಿರಲು ಅವಕಾಶ, ಇನ್ನೊಂದು ಸಲ ಐದೂವರೆ ತಾಸು ಮಾತ್ರ. ಎರಡೂ ಸಲ ತಕ್ಕಡಿಯಲ್ಲಿ ಇಳಿದ ತೂಕ ಹೆಚ್ಚುಕಡಿಮೆ ಒಂದೇ, ಸುಮಾರು 3 ಕಿಲೋ. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕಿಲೋ ಕೊಬ್ಬು ಇತ್ತು. ನಿದ್ರೆ ಕಡಿಮೆಯಾದಾಗ ಕೊಬ್ಬು ಇಳಿದದ್ದು 0.6 ಕಿಲೋ ಮಾತ್ರ. ಉಳಿದದ್ದೆಲ್ಲ ಕೊಬ್ಬಲ್ಲದ ಭಾಗ. ಅವರು ವೃದ್ಧರಾಗಿರಲಿಲ್ಲ, ಪ್ರಯೋಗವೂ ಚಿಕ್ಕದು. ಆದರೂ ಚರಕರು ತೂಕ ಮತ್ತು ನಿದ್ರೆಗಳನ್ನು ಒಂದೇ ಅಧ್ಯಾಯದಲ್ಲಿ ಕೂಡಿಸಿದ್ದರ ಮರ್ಮವನ್ನು ಅದು ಕಣ್ಣೆದುರಿಗೆ ತಂದಿಡುತ್ತದೆ. ನಮ್ಮ ಮಾಸ್ತರರ ಸ್ಥಿತಿಯೂ ಇದೇ ಆಗಿತ್ತು. ಉಣ್ಣದೆ, ಮಲಗದೆ ಇಳಿಸಿದ ಆರು ಕಿಲೋದಲ್ಲಿ ಹೊಟ್ಟೆಗಿಂತ ತೊಡೆಯ ಪಾಲೇ ಹೆಚ್ಚಿದ್ದಂತೆ ಕಂಡಿತು.

ಆಯುರ್ವೇದದ ಭಾಷೆಯಲ್ಲಿ ಹೇಳುವುದಾದರೆ ಇದೆಲ್ಲ ವಾತದ ವ್ಯಾಪಾರ. ಆಯುಸ್ಸಿನ ಕೊನೆಯ ಭಾಗ, ಹಗಲಿನ ಕೊನೆಯ ಭಾಗ, ರಾತ್ರಿಯ ಕೊನೆಯ ಭಾಗ ಇವು ವಾತದ ಕಾಲಗಳು. ಮುದುಕರಿಗೆ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದರಲ್ಲಿ ಆಶ್ಚರ್ಯವಿಲ್ಲ. ಬರಿಹೊಟ್ಟೆಯಲ್ಲಿ ಮಲಗಿದವರಿಗೆ ಅದು ಇನ್ನೂ ಬೇಗ ಆಗುತ್ತದೆ.

ಕರಾವಳಿಯ ನಾಲ್ಕು ತಿಂಗಳು

ಕಾರವಾರ, ಅಂಕೋಲೆಗಳಲ್ಲಿ ಈ ಸಮಸ್ಯೆಗೆ ಒಂದು ಋತುವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಬೇಸಿಗೆಯಲ್ಲಿ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಸಂಜೆ ನಡೆಯುವ ಹಿರಿಯರು ಈ ನಾಲ್ಕು ತಿಂಗಳು ಕಾಣುವುದಿಲ್ಲ. ಅಂಗಳದಲ್ಲಿ ಪಾಚಿ ಕಟ್ಟುತ್ತದೆ, ಜಾರುವ ಭಯ. ಜಗಲಿಯ ಕುರ್ಚಿ, ಊಟ, ಮಧ್ಯಾಹ್ನದ ದೀರ್ಘ ನಿದ್ರೆ, ಟಿವಿ ಇವುಗಳಲ್ಲಿ ದಿನ ಕಳೆಯುತ್ತದೆ. ಹಗಲು ಮೂರು ತಾಸು ಮಲಗಿದವರಿಗೆ ರಾತ್ರಿ ನಿದ್ರೆ ಬಾರದು. ನಡುವೆ ಒಂದು ಜ್ವರ ಬಂದು ಹತ್ತು ದಿನ ಹಾಸಿಗೆ ಹಿಡಿದರೆ ಮಳೆ ನಿಲ್ಲುವ ಹೊತ್ತಿಗೆ ಕೋಲು ಕೈಗೆ ಬಂದಿರುತ್ತದೆ.

ಇದು ಬರಿಯ ಊಹೆಯಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸರಾಸರಿ 67 ವರ್ಷದ ಆರೋಗ್ಯವಂತರನ್ನು ಯಾವ ರೋಗವೂ ಇಲ್ಲದೆ ಕೇವಲ 10 ದಿನ ಹಾಸಿಗೆಯಲ್ಲಿ ಮಲಗಿಸಿದಾಗ ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಭಾಗ ನಷ್ಟವಾಯಿತು. ತರುಣರು ಕಳೆದುಕೊಂಡದ್ದನ್ನು ಬೇಗ ಗಳಿಸುತ್ತಾರೆ. ಮುಪ್ಪಿನಲ್ಲಿ ಇಳಿಯುವುದು ದಿನಗಳ ಲೆಕ್ಕ, ಏರುವುದು ತಿಂಗಳುಗಳ ಲೆಕ್ಕ.

ಹಿಂದಿನವರಿಗೆ ಈ ತೊಂದರೆ ಇಷ್ಟಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಹಿಂದಿನವರ ಮಳೆಗಾಲವು ಕುರ್ಚಿಯಲ್ಲಿ ಕಳೆಯುತ್ತಿರಲಿಲ್ಲ. ಗದ್ದೆಯ ನಾಟಿ, ಕಳೆ, ಸೊಪ್ಪಿನ ಹೊರೆ, ಬಾವಿಯ ನೀರು, ಕುಕ್ಕುರುಗಾಲಿನಲ್ಲಿ ಕುಳಿತು ಮಾಡುವ ನೂರು ಕೆಲಸ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನಾಡೇ ಬಲ್ಲದು. ಅರಣ್ಯ ಇಲಾಖೆಯ ಸಸ್ಯಪಾಲನಾಲಯದಲ್ಲಿ ದಶಕಗಳ ಕಾಲ ಸಸಿ ಬೆಳೆಸಿದ ಈ ಹಾಲಕ್ಕಿ ತಾಯಿ ನಿವೃತ್ತಿಯ ನಂತರವೂ ಸಸಿಗಳ ಕೆಲಸವನ್ನು ಬಿಡಲಿಲ್ಲ. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರ್‌ನಲ್ಲಿ ಅವರು ನಮ್ಮನ್ನು ಅಗಲಿದರು. ಬಗ್ಗುವುದು, ಕೂರುವುದು, ಏಳುವುದು, ಹೊರುವುದು ಇವು ಅಂಥವರಿಗೆ ವ್ಯಾಯಾಮವಾಗಿರಲಿಲ್ಲ, ಕಾಯಕವಾಗಿತ್ತು.

ಆ ಕಾಯಕ ತಪ್ಪಿದವರು ಇಂದು ಬಹಳ ಮಂದಿ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಿಲಾನ್ಯಾಸವಾಗಿ, ಮುಂದೆ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಹಲವು ಹಳ್ಳಿಗಳ ಕುಟುಂಬಗಳು ಗದ್ದೆ ತೋಟಗಳನ್ನು ಬಿಟ್ಟು ಬಂದವು. ಅಂದು ಮೂವತ್ತರ ಪ್ರಾಯದಲ್ಲಿದ್ದವರು ಇಂದು ಅರವತ್ತು ಎಪ್ಪತ್ತರವರು. ಅವರಲ್ಲಿ ಕೆಲವರು ನಮ್ಮಲ್ಲಿಗೆ ಬರುತ್ತಾರೆ. "ಕೆಲಸ ಇದ್ದಾಗ ತಲೆ ಇಟ್ಟರೆ ನಿದ್ರೆ ಬರ್ತಿತ್ತು" ಎಂಬ ಮಾತನ್ನು ಅವರ ಬಾಯಿಂದ ಕೇಳಿದ್ದೇವೆ. ಘಟ್ಟದ ಮೇಲೆ ಹೊಲವನ್ನು ಲಾವಣಿಗೆ ಕೊಟ್ಟು ಮಗನ ಮನೆ ಸೇರಿದ ರೈತನ ಕತೆಯೂ ಇದಕ್ಕಿಂತ ಭಿನ್ನವಲ್ಲ.

ನಮ್ಮದೇ ಒಂದು ತಪ್ಪು

ಇಲ್ಲಿ ಒಂದು ಸಂಗತಿಯನ್ನು ಓದುಗರೊಂದಿಗೆ ಹಂಚಿಕೊಳ್ಳಬೇಕು. ಹದಿನೈದು ವರ್ಷಗಳ ಹಿಂದೆ ಕಾರವಾರದ ಕಡೆಯ ತಾಯಿಯೊಬ್ಬರು ಮೊಣಕಾಲು ನೋವೆಂದು ಬಂದರು. 65 ದಾಟಿತ್ತು, ದೇಹ ಭಾರವಿತ್ತು. ತೂಕ ಇಳಿಸಲೇಬೇಕೆಂದು ನಾವು ಕಟ್ಟುನಿಟ್ಟಾದ ಲಂಘನವನ್ನು ಹೇಳಿದೆವು. ರಾತ್ರಿ ತೆಳು ಗಂಜಿ ಮಾತ್ರ, ಹಾಲು ತುಪ್ಪ ಬೇಡ. ಅವರು ಶ್ರದ್ಧೆಯಿಂದ ಪಾಲಿಸಿದರು. ಆರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿಯಿತು. ಪ್ರತಿ ಸಲವೂ ತಕ್ಕಡಿ ನೋಡಿ ಶಹಬ್ಬಾಸ್ ಎಂದೆವು. ಹಸಿವಿನಿಂದ ರಾತ್ರಿ ನಿದ್ರೆ ಬರುತ್ತಿಲ್ಲ ಎಂದು ಅವರು ಎರಡು ಸಲ ಹೇಳಿದ್ದರು. ಅದನ್ನು ನಾವು ಬರೆದುಕೊಳ್ಳಲೂ ಇಲ್ಲ.

ಆ ಮಳೆಗಾಲದಲ್ಲಿ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದು ಅವರ ತೊಡೆಯ ಮೂಳೆಯ ಮೇಲ್ತುದಿ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು, ಮೂಳೆ ಕೂಡಿತು. ಆದರೆ ಆಮೇಲೆ ಅವರು ಯಾರ ಕೈಯನ್ನೂ ಹಿಡಿಯದೆ ನಡೆದದ್ದನ್ನು ನಾವು ನೋಡಲಿಲ್ಲ. ಜಾರಿದ್ದು ನೀರಿನಿಂದ ಇರಬಹುದು. ಜಾರಿದಾಗ ದೇಹವನ್ನು ಹಿಡಿದು ನಿಲ್ಲಿಸಬೇಕಾಗಿದ್ದ ತೊಡೆಯ ಬಲವನ್ನು ಮಾತ್ರ ನಮ್ಮ ಪಥ್ಯವೇ ಕರಗಿಸಿತ್ತೆಂಬ ಅಳುಕು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಅಂದಿನಿಂದ ಅರವತ್ತು ದಾಟಿದ ಯಾರಿಗೂ ಕಾಲಿನ ಬಲವನ್ನು ಪರೀಕ್ಷಿಸದೆ, ನಿದ್ರೆಯನ್ನು ವಿಚಾರಿಸದೆ ತೂಕ ಇಳಿಸಲು ನಾವು ಹೇಳುವುದಿಲ್ಲ.

ಮನೆಯಲ್ಲಿಯೇ ಪರೀಕ್ಷೆ

ಕಾಲಿನ ಬಲವನ್ನು ತಿಳಿಯಲು ಯಂತ್ರಗಳು ಬೇಡ. ಏಷ್ಯಾದ ತಜ್ಞರ ಸಮಿತಿಯು 2019ರಲ್ಲಿ ಸೂಚಿಸಿದ ಅಳತೆಗಳಲ್ಲಿ ಮೂರನ್ನು ಮನೆಯಲ್ಲಿಯೇ ನೋಡಬಹುದು.

ಒಂದು, ಕುರ್ಚಿಯಿಂದ ಏಳುವುದು. ಕೈಯಿಲ್ಲದ ಸಾಮಾನ್ಯ ಎತ್ತರದ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕುಳಿತುಕೊಳ್ಳಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಬಲ ಕುಗ್ಗಿದೆ ಎಂದು ತಿಳಿಯಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಎರಡು, ಮೀನಖಂಡದ ಸುತ್ತಳತೆ. ಮೊಣಕಾಲಿನ ಕೆಳಗಿನ ಹಿಂಭಾಗದ ಮಾಂಸ ಎಲ್ಲಿ ಅತಿ ದಪ್ಪವಾಗಿದೆಯೋ ಅಲ್ಲಿ ದರ್ಜಿಯ ಟೇಪಿನಿಂದ ಅಳೆಯಿರಿ. ಗಂಡಸರಲ್ಲಿ 34 ಸೆಂಟಿಮೀಟರಿಗಿಂತ, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಎಚ್ಚರ. ಕಾಲಿನಲ್ಲಿ ಬಾವು ಇದ್ದವರಿಗೆ ಈ ಅಳತೆ ಮೋಸ ಮಾಡುತ್ತದೆ.

ಮೂರು, ನಡಿಗೆ. ಪಡಸಾಲೆಯಲ್ಲಿ 6 ಮೀಟರ್ ಗುರುತು ಮಾಡಿ ಎಂದಿನ ವೇಗದಲ್ಲಿ ನಡೆಯಲಿ. 6 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನಡಿಗೆ ನಿಧಾನವಾಗಿದೆ ಎಂದರ್ಥ.

ಇವುಗಳಿಗಿಂತ ಹಳೆಯ ಪರೀಕ್ಷೆಯೊಂದು ನಮ್ಮ ಮನೆಗಳಲ್ಲಿಯೇ ಇದೆ. ಇಷ್ಟಲಿಂಗ ಪೂಜೆಗೆ ನೆಲದ ಮೇಲೆ ಕುಳಿತ ಹಿರಿಯರು ಪೂಜೆ ಮುಗಿದ ಮೇಲೆ ಹೇಗೆ ಏಳುತ್ತಾರೆ ಎಂಬುದನ್ನು ನೋಡಿರಿ. ಕಳೆದ ವರ್ಷ ಕೈ ಊರದೆ ಎದ್ದವರು ಈ ವರ್ಷ ಗೋಡೆ ಹಿಡಿದರೆ, ಮುಂದಿನ ವರ್ಷ ಕುರ್ಚಿಯ ಮೇಲೆ ಪೂಜೆ ಎಂದಾಗುತ್ತದೆ. ಕುರ್ಚಿಯ ಪೂಜೆಯಲ್ಲಿ ದೋಷವೇನೂ ಇಲ್ಲ. ಆದರೆ ಗೋಡೆ ಹಿಡಿದ ದಿನವೇ ಮನೆಯವರು ಎಚ್ಚೆತ್ತರೆ ಕುರ್ಚಿಯ ದಿನವನ್ನು ಬಹಳ ಮುಂದಕ್ಕೆ ತಳ್ಳಬಹುದು.

ಊಟದ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ಹಿರಿಯರಿಗೆ 1ರಿಂದ 1.2 ಗ್ರಾಂ ಒಳಿತೆಂದು ವೃದ್ಧರ ಪೋಷಣೆಯನ್ನು ಅಭ್ಯಸಿಸಿದ ಅಂತರರಾಷ್ಟ್ರೀಯ ತಜ್ಞರು 2013ರಲ್ಲಿ ಸೂಚಿಸಿದ್ದಾರೆ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 60 ಗ್ರಾಂ ಎಂದಿಟ್ಟುಕೊಳ್ಳೋಣ. ಎರಡು ಹೊತ್ತು ಗಂಜಿ ಉಪ್ಪಿನಕಾಯಿ, ಸ್ವಲ್ಪ ತಿಳಿಸಾರು, ಎರಡು ಲೋಟ ಚಹಾ, ನಾಲ್ಕು ಬಿಸ್ಕಿಟು ಇಷ್ಟರಲ್ಲಿ ದಿನ ಕಳೆಯುವ ಹಿರಿಯರಿಗೆ ಇದರ ಅರ್ಧವೂ ಸಿಗುವುದಿಲ್ಲ.

ಶಾಕಾಹಾರಿ ಮನೆಯಲ್ಲಿ ಈ ಲೆಕ್ಕವನ್ನು ತುಂಬುವುದು ಕಷ್ಟವಲ್ಲ. ದಿನಕ್ಕೆ 200 ಗ್ರಾಂ ಜೋಳ, ಅಕ್ಕಿ ಮುಂತಾದ ಧಾನ್ಯದಿಂದ ಸುಮಾರು 16 ಗ್ರಾಂ, 50 ಗ್ರಾಂ ತೊಗರಿ ಅಥವಾ ಹೆಸರುಬೇಳೆಯಿಂದ 11 ಗ್ರಾಂ, 40 ಗ್ರಾಂ ಮೊಳಕೆಕಾಳಿನಿಂದ 9 ಗ್ರಾಂ, ಅರ್ಧ ಲೀಟರ್ ಹಾಲು ಮೊಸರಿನಿಂದ 16 ಗ್ರಾಂ, ಒಂದು ಹಿಡಿ ಶೇಂಗಾದಿಂದ 7 ಗ್ರಾಂ. ಧಾನ್ಯ, ಬೇಳೆ, ಕಾಳುಗಳ ತೂಕವನ್ನು ಬೇಯಿಸುವ ಮೊದಲು, ಕಾಳನ್ನು ನೆನೆಸುವ ಮೊದಲು ತೆಗೆದುಕೊಳ್ಳಬೇಕು. ಕೂಡಿಸಿದರೆ 60ರ ಹತ್ತಿರ ಬರುತ್ತದೆ. ಇದನ್ನು ಒಂದೇ ಹೊತ್ತಿಗೆ ತುರುಕದೆ ಮೂರು ಹೊತ್ತಿಗೆ ಹಂಚಬೇಕು. ಹಲ್ಲಿಲ್ಲದವರಿಗೆ ಶೇಂಗಾ ಚಟ್ನಿಪುಡಿ, ಹೆಸರುಬೇಳೆಯ ಪಾಯಸ, ಹುರುಳಿಯ ಕಟ್ಟು, ಮೆತ್ತಗೆ ಬೇಯಿಸಿದ ಕಾಳಿನ ಪಲ್ಯ ಆಗಬಹುದು. ಕರಾವಳಿಯಲ್ಲಿ ಮೀನು ಉಣ್ಣುವ ಮನೆಗಳಿಗೆ ಈ ಲೆಕ್ಕ ಇನ್ನೂ ಸುಲಭ. ಮೂತ್ರಪಿಂಡದ ರೋಗವಿರುವವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಪ್ರೋಟೀನನ್ನು ಹೆಚ್ಚಿಸಬಾರದು.

ರಾತ್ರಿಯ ಊಟ ಲಘುವಾಗಿರಲಿ, ಇಲ್ಲವಾಗದಿರಲಿ. ಸೂರ್ಯ ಮುಳುಗಿದ ಒಂದೆರಡು ತಾಸಿನೊಳಗೆ ಉಂಡು, ಮಲಗಲು ಎರಡು ತಾಸು ಬಿಡುವುದು ಹಿತ. ಶ್ರಾವಣ ಸೋಮವಾರದ ಒಪ್ಪತ್ತು ಬಿಡಿ ಎಂದು ನಾವು ಹೇಳುವುದಿಲ್ಲ. ಆದರೆ ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಇರಬಾರದು. ಹಾಲು, ಹಣ್ಣು, ಮೊಸರು ಸೇವಿಸಿದರೆ ಭಕ್ತಿಗೆ ಊನ ಬರುವುದಿಲ್ಲ.

ಅರ್ಧಶಕ್ತಿಯ ವ್ಯಾಯಾಮ

ವೃದ್ಧರು ವ್ಯಾಯಾಮವನ್ನು ಬಿಡಬೇಕೆಂದು ವಾಗ್ಭಟರೇ ಹೇಳಿದ್ದಾರಲ್ಲ ಎಂದು ಶಾಸ್ತ್ರ ಬಲ್ಲ ಓದುಗರು ಕೇಳಬಹುದು. ಆ ಮಾತು ಇರುವುದು ನಿಜ. ಆದರೆ ಗದ್ದೆ, ಬಾವಿ, ಬೀಸುವ ಕಲ್ಲುಗಳ ಜೊತೆ ದಿನವಿಡೀ ದುಡಿಯುತ್ತಿದ್ದ ಸಮಾಜದಲ್ಲಿ, ದುಡಿಮೆಯ ಮೇಲೆ ಮತ್ತೆ ಮಾಡುವ ಗರಡಿಯ ಶ್ರಮವನ್ನು ಉದ್ದೇಶಿಸಿದ ಮಾತದು ಎಂದು ನಾವು ತಿಳಿಯುತ್ತೇವೆ. ಇಂದಿನ ವೃದ್ಧರಿಗೆ ಬಿಡಲು ಶ್ರಮವೇ ಉಳಿದಿಲ್ಲ. ಬಲವಂತರು ಕೂಡ ತಮ್ಮ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂಬ ಅವರ ಇನ್ನೊಂದು ನಿಯಮವನ್ನು ನಾವು ಹಿರಿಯರಿಗೆ ಅಳತೆಯಾಗಿ ಕೊಡುತ್ತೇವೆ. ಹಣೆಯ ಮೇಲೆ ಬೆವರು ಮೂಡಿದರೆ, ಬಾಯಿಂದ ಉಸಿರಾಡುವಂತಾದರೆ ನಿಲ್ಲಿಸಬೇಕು.

ಇಷ್ಟು ವಯಸ್ಸಾದ ಮೇಲೆ ಮಾಂಸ ಬೆಳೆಯುವುದೇ ಎಂಬ ಸಂಶಯ ಬೇಡ. 1990ರಲ್ಲಿ ಬೋಸ್ಟನ್ನಿನ ವೃದ್ಧಾಶ್ರಮವೊಂದರ 10 ಮಂದಿ ನಿವಾಸಿಗಳಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸವನ್ನು ವೈದ್ಯರ ಕಣ್ಗಾವಲಿನಲ್ಲಿ ಮಾಡಿಸಿದರು. ಅವರ ಸರಾಸರಿ ವಯಸ್ಸು 90. ಅಭ್ಯಾಸ ಪೂರೈಸಿದವರ ಕಾಲಿನ ಬಲ ಸರಾಸರಿ 174 ಪ್ರತಿಶತ ಹೆಚ್ಚಿತು. ಇಬ್ಬರು ಕೋಲನ್ನು ಬಿಟ್ಟು ನಡೆದರು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ಹಿರಿಯರು ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ಚಟುವಟಿಕೆ ಮಾಡಬೇಕು, ಎರಡು ದಿನ ಬಲವರ್ಧಕ ಅಭ್ಯಾಸ ಮತ್ತು ಮೂರು ದಿನ ಸಮತೋಲನದ ಅಭ್ಯಾಸ ಮಾಡಬೇಕು. ಬರಿಯ ನಡಿಗೆಯಿಂದ ತೊಡೆಯ ಬಲ ಹೆಚ್ಚಾಗಿ ಬೆಳೆಯುವುದಿಲ್ಲ ಎಂಬುದನ್ನು ಗಮನಿಸಬೇಕು. ಮಳೆಗಾಲದಲ್ಲಿಯೂ ಜಗಲಿಯಲ್ಲಿ ಮಾಡಬಹುದಾದ ನಾಲ್ಕು ಅಭ್ಯಾಸಗಳು ಇವು. ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಗೋಡೆಗೆ ಎರಡೂ ಅಂಗೈ ಊರಿ ದೇಹವನ್ನು ಮುಂದೆ ಹಿಂದೆ ತಳ್ಳುವುದು. ಅರ್ಧ ಲೀಟರ್ ನೀರಿನ ಬಾಟಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ಹೆಗಲಿನವರೆಗೆ ಎತ್ತುವುದು. ಒಂದೊಂದನ್ನೂ ಐದು ಸಲದಿಂದ ಆರಂಭಿಸಿ ವಾರಕ್ಕೆ ಒಂದೆರಡು ಹೆಚ್ಚಿಸುತ್ತ ಹೋಗಬೇಕು. ದಿನ ಬಿಟ್ಟು ದಿನ ಸಾಕು. ಹೃದ್ರೋಗ, ತೀವ್ರ ರಕ್ತದೊತ್ತಡ, ಈಚಿನ ಶಸ್ತ್ರಚಿಕಿತ್ಸೆ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು.

ನಿದ್ರೆಗೆ ದಾರಿ

65 ದಾಟಿದವರಿಗೆ ಏಳೆಂಟು ತಾಸು ನಿದ್ರೆ ಉಚಿತ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಪೂಜೆಗೆ ಕೂರುವವರು ಒಂಬತ್ತಕ್ಕೇ ಮಲಗಬೇಕಲ್ಲದೆ, ಹನ್ನೊಂದರವರೆಗೆ ಟಿವಿ ನೋಡಿ ನಾಲ್ಕಕ್ಕೆ ಏಳುವುದು ದೇಹಕ್ಕೆ ಮಾಡುವ ಅನ್ಯಾಯ.

ಹಗಲು ನಿದ್ರೆಯನ್ನು ಚರಕರು ಗ್ರೀಷ್ಮ ಋತುವಿನ ಹೊರತು ನಿಷೇಧಿಸಿದರೂ ವೃದ್ಧರಿಗೆ, ದುರ್ಬಲರಿಗೆ ವಿನಾಯಿತಿ ಕೊಟ್ಟಿದ್ದಾರೆ. ಈ ವಿನಾಯಿತಿಯನ್ನು ಅರ್ಧ ತಾಸಿಗೆ ಮಿತಗೊಳಿಸಿ, ಮೂರು ಗಂಟೆಯ ಒಳಗೆ ಮುಗಿಸುವುದು ಒಳ್ಳೆಯದು. ರಾತ್ರಿ ನಿದ್ರೆಗೆಟ್ಟರೆ, ಕೆಟ್ಟ ಅವಧಿಯ ಅರ್ಧದಷ್ಟನ್ನು ಮರುದಿನ ಬೆಳಿಗ್ಗೆ ಊಟಕ್ಕೆ ಮೊದಲು ಮಲಗಬೇಕೆಂದು ವಾಗ್ಭಟರು ಹೇಳಿದ್ದಾರೆ. ಉಂಡು ಮಲಗುವುದಕ್ಕಿಂತ ಇದು ಲೇಸು.

ಸಂಜೆ ಪಾದಗಳಿಗೆ ಬೆಚ್ಚಗಿನ ಎಳ್ಳೆಣ್ಣೆ ಸವರಿ ತಿಕ್ಕಿರಿ. ಎಣ್ಣೆಯನ್ನು ಒರೆಸದೆ ನಡೆದರೆ ಜಾರುತ್ತದೆ, ಎಚ್ಚರ. ನಿದ್ರೆ ತರುವ ದ್ರವ್ಯಗಳಲ್ಲಿ ಎಮ್ಮೆಯ ಹಾಲಿಗೆ ಚರಕರು ಅಗ್ರಸ್ಥಾನ ಕೊಟ್ಟಿದ್ದಾರೆ. ಜೀರ್ಣಶಕ್ತಿ ಇದ್ದವರು ಮಲಗುವ ಒಂದು ತಾಸು ಮೊದಲು ಅರ್ಧ ಲೋಟ ಕುಡಿಯಬಹುದು. ಮಧ್ಯಾಹ್ನದ ನಂತರ ಚಹಾ ಕಾಫಿ ಬೇಡ. ಮೂತ್ರಕ್ಕೆ ಪದೇ ಪದೇ ಏಳುವವರು ದಿನದ ನೀರನ್ನು ಸಂಜೆ ಆರರೊಳಗೆ ಕುಡಿದು ಮುಗಿಸಲಿ. ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕೂರುವುದರಿಂದ ನಿದ್ರೆಯ ವೇಳೆ ಸರಿಹೋಗುತ್ತದೆ.

ನಿದ್ರೆಯ ಗುಳಿಗೆಗಳನ್ನು ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವುದು ಅಪಾಯ. ರಾತ್ರಿ ಮೂತ್ರಕ್ಕೆ ಎದ್ದಾಗ ತೂಕಡಿಕೆಯಲ್ಲಿ ಬಿದ್ದವರನ್ನು ನಾವು ಕಂಡಿದ್ದೇವೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಥಟ್ಟನೆ ನಿಲ್ಲಿಸಬಾರದು, ವೈದ್ಯರ ಸಲಹೆಯಂತೆ ಇಳಿಸಬೇಕು. ನಮ್ಮ ಶಾಸ್ತ್ರದ ಅಶ್ವಗಂಧೆಗೂ ಇದೇ ಮಾತು. ಬಲಕ್ಕೂ ನಿದ್ರೆಗೂ ಅದು ಉತ್ತಮ ದ್ರವ್ಯವೇ. ಆದರೆ ಥೈರಾಯ್ಡ್ ಮತ್ತು ಯಕೃತ್ತಿನ ತೊಂದರೆ ಇದ್ದವರಿಗೆ ಅದು ಹೊಂದದಿರಬಹುದು. ಜಾಹೀರಾತು ನೋಡಿ ಡಬ್ಬಿ ತರಬಾರದು.

ವೈದ್ಯರನ್ನು ಕಾಣಬೇಕಾದಾಗ

ಪ್ರಯತ್ನಿಸದೆಯೇ ಆರರಿಂದ ಹನ್ನೆರಡು ತಿಂಗಳಲ್ಲಿ ತೂಕವು 5 ಪ್ರತಿಶತಕ್ಕಿಂತ ಹೆಚ್ಚು ಇಳಿದರೆ ಅದನ್ನು ಮುಪ್ಪೆಂದು ಬಿಡಬಾರದು. 60 ಕಿಲೋದವರಿಗೆ ಅದು ಕೇವಲ 3 ಕಿಲೋ. ಸಕ್ಕರೆ ಕಾಯಿಲೆ, ಕ್ಷಯ, ಥೈರಾಯ್ಡ್, ಅರ್ಬುದ, ಖಿನ್ನತೆ ಇವುಗಳಲ್ಲಿ ಯಾವುದಾದರೂ ಅಡಗಿರಬಹುದು. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾಗುವವರು, ವರ್ಷದಲ್ಲಿ ಎರಡು ಸಲ ಬಿದ್ದವರು, ರಾತ್ರಿ ಮೂರಕ್ಕಿಂತ ಹೆಚ್ಚು ಸಲ ಮೂತ್ರಕ್ಕೆ ಏಳುವವರು ಸಹ ತಪಾಸಣೆ ಮಾಡಿಸಿಕೊಳ್ಳಬೇಕು. ನಮ್ಮ ಮಾಸ್ತರರ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇಗಳನ್ನೂ ನಾವು ಮೊದಲು ಮಾಡಿಸಿದೆವು. ಅವುಗಳಲ್ಲಿ ದೋಷ ಕಾಣಲಿಲ್ಲ.

ಆಮೇಲೆ ಅವರಿಗೆ ಹೇಳಿದ್ದು ಮೇಲೆ ಬರೆದದ್ದನ್ನೇ. ರಾತ್ರಿಯ ಊಟ ಮರಳಿ ಬಂತು. ಮಧ್ಯಾಹ್ನದ ನಿದ್ರೆ ಅರ್ಧ ತಾಸಿಗೆ ಇಳಿಯಿತು. ಜಗಲಿಯ ಕುರ್ಚಿಯಿಂದ ಏಳುವ ಅಭ್ಯಾಸವನ್ನು ಮೊಮ್ಮಗಳು ಎಣಿಸಿ ಮಾಡಿಸುತ್ತಿದ್ದಳು. ದೀಪಾವಳಿಯ ಸುಮಾರಿಗೆ ಬಂದಾಗ ತೂಕ ಹೆಚ್ಚೇನೂ ಏರಿರಲಿಲ್ಲ, 63 ಮಾತ್ರ. ಬೆಳಗಿನ ಜಾವದ ಎಚ್ಚರ ಪೂರ್ತಿ ಹೋಗಿರಲಿಲ್ಲ. ನಾಲ್ಕೂವರೆಯವರೆಗೆ ನಿದ್ರೆ ಬರುತ್ತದೆ ಎಂದರು. "ತೂಕ ಏರಲಿಲ್ಲವಲ್ಲ ಡಾಕ್ಟರೇ" ಎಂದು ಬೇಸರಪಟ್ಟರು. "ಮಾಸ್ತರರೇ, ಒಮ್ಮೆ ಎದ್ದು ನಿಲ್ಲಿ" ಎಂದೆವು. ಎದೆಯ ಮೇಲೆ ಕೈಕಟ್ಟಿ ಎದ್ದರು. ಐದು ಸಲಕ್ಕೆ 11 ಸೆಕೆಂಡು.

ಈ ಲೇಖನವನ್ನು ಓದಿದವರು ಇಂದೇ ಸಂಜೆ ಮನೆಯ ಹಿರಿಯರ ಬಳಿ ಕುಳಿತು ಎರಡು ಪ್ರಶ್ನೆ ಕೇಳಿರಿ: ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದಿರಿ, ಏನು ಉಂಡಿರಿ? ಬಳಿಕ ಅವರು ಏಳುವುದನ್ನು ಸುಮ್ಮನೆ ನೋಡಿರಿ.